ಸಬ್‌ವೂಫರ್ ಇಂಪಿಡೆನ್ಸ್ ಹೊಂದಾಣಿಕೆ

ಕಾರಿನ ಆಂಪ್ಲಿಫೈಯರ್ ತಾಳಿಕೊಳ್ಳಬಲ್ಲ ಹೊರೆಗೆ ತಕ್ಕಂತೆ ಸಬ್‌ವೂಫರ್‌ನ ವಾಯ್ಸ್ ಕಾಯಿಲ್‌ಗಳನ್ನು ಜೋಡಿಸುವ ಕ್ರಮ. ಇಂಪಿಡೆನ್ಸ್ ಎಂದರೆ ಪರ್ಯಾಯ ವಿದ್ಯುತ್ತಿಗೆ ಕಾಯಿಲ್ ಒಡ್ಡುವ ಒಟ್ಟು ತಡೆ, ಅಳೆಯುವುದು ಓಮ್‌ಗಳಲ್ಲಿ.

ಓಮ್ ಇಳಿದಷ್ಟೂ ಆಂಪ್ಲಿಫೈಯರ್‌ನಿಂದ ಹೆಚ್ಚು ಕರೆಂಟ್ ಹರಿಯುತ್ತದೆ. ಶಕ್ತಿಯ ಜೊತೆಗೆ ಬಿಸಿಯೂ ಏರುತ್ತದೆ. 2 ಓಮ್‌ಗಿಂತ ಕೆಳಗೆ ತಡೆಯದ ಆಂಪ್ಲಿಫೈಯರ್‌ಗೆ 1 ಓಮ್ ಹೊರೆ ಕೊಟ್ಟರೆ ಅದು ಪ್ರೊಟೆಕ್ಷನ್‌ಗೆ (ತನ್ನನ್ನು ತಾನೇ ಕಾಪಾಡಿಕೊಳ್ಳುವ ಸ್ಥಿತಿಗೆ) ಹೋಗಿ ಸದ್ದು ನಿಲ್ಲಿಸಬಹುದು, ಸುಟ್ಟೂ ಹೋಗಬಹುದು. ಓಮ್ ಹೆಚ್ಚಾದರೆ ಅಪಾಯವಿಲ್ಲ, ಶಕ್ತಿ ಕಡಿಮೆ ಸಿಗುತ್ತದೆ ಅಷ್ಟೆ.

4 ಓಮ್‌ನ ಎರಡು ಕಾಯಿಲ್‌ಗಳಿರುವ ಸಬ್‌ವೂಫರ್‌ನಲ್ಲಿ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ (ಪ್ಯಾರಲಲ್) 2 ಓಮ್; ಒಂದರ ಮೈನಸನ್ನು ಇನ್ನೊಂದರ ಪ್ಲಸ್‌ಗೆ ಸೇರಿಸಿದರೆ (ಸೀರೀಸ್) 8 ಓಮ್. ಎರಡೂ ಕಾಯಿಲ್ ಬಳಸಿ 4 ಓಮ್ ಬೇಕಿದ್ದವರು 2 ಓಮ್ ಕಾಯಿಲ್‌ಗಳದ್ದನ್ನು ಕೊಂಡು ಸೀರೀಸ್ ಮಾಡಬಹುದು. ಕೊಳ್ಳುವ ಮೊದಲೇ ಈ ಲೆಕ್ಕ ಹಾಕುವುದು ಜಾಣತನ.

ಹಲವರು ಎಡವುವುದು ಬ್ರಿಡ್ಜ್ ಜೋಡಣೆಯಲ್ಲಿ, ಅಂದರೆ ಆಂಪ್ಲಿಫೈಯರ್‌ನ ಎರಡು ಚಾನೆಲ್‌ಗಳನ್ನು ಕೂಡಿಸಿ ಒಂದೇ ಹೊರೆಗೆ ಕೊಡುವಾಗ. ಎರಡು ಚಾನೆಲ್‌ಗಳನ್ನು ಬ್ರಿಡ್ಜ್ ಮಾಡಿ 4 ಓಮ್ ಕೊಟ್ಟಾಗ ಪ್ರತಿ ಚಾನೆಲ್‌ಗೆ ಕಾಣುವ ಹೊರೆ 2 ಓಮ್ ಮಾತ್ರ.

ಜೋಡಿಸಿದ ಮೇಲೆ, ಆಂಪ್ಲಿಫೈಯರ್‌ಗೆ ತಗಲಿಸುವ ಮುನ್ನ, ತಂತಿಯ ತುದಿಗಳಿಗೆ ಮಲ್ಟಿಮೀಟರ್ ಹಿಡಿದು ನೋಡಬೇಕು. ಮೀಟರ್ ತೋರಿಸುವುದು ನೇರ ವಿದ್ಯುತ್ತಿನ ತಡೆಯನ್ನಾದ್ದರಿಂದ 4 ಓಮ್ ಕಾಯಿಲ್ ಸಾಮಾನ್ಯವಾಗಿ 3ರಿಂದ 4ರ ನಡುವೆ ಕಾಣಿಸುತ್ತದೆ, ಅದು ದೋಷವಲ್ಲ.