ಜಿಂಕೆಯ ಬಾಲದ ಮೀನು

1991ರಲ್ಲಿ ನಾನಿನ್ನೂ ಶಾಲೆಯ ಹುಡುಗ. ಬಾಲ್ಟಿಮೋರಿನಲ್ಲಿದ್ದ ಸೋದರಮಾವ ನಮ್ಮ ತಾಯಿಗೆ ಬರೆದ ಕಾಗದದ ಲಕೋಟೆಯ ಮೇಲೆ 29 ಸೆಂಟಿನ ಎರಡು ಅಂಚೆಚೀಟಿಗಳಿದ್ದವು. ನೀರಿನಲ್ಲಿ ನೆನೆಸಿ ಬಿಡಿಸಿದೆ. ಚಿತ್ರದಲ್ಲಿ ಗರಿ ಕಂಡದ್ದರಿಂದ ಹಕ್ಕಿಯೆಂದೇ ಬಗೆದು ಹಕ್ಕಿಗಳ ಪುಟಕ್ಕೆ ಸೇರಿಸಿಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ನನ್ನ ಮಗಳು ಆ ಪುಸ್ತಕ ಬಿಡಿಸಿ, “ಅಪ್ಪಾ, ಈ ಹಕ್ಕಿಗೆ ಕೊಕ್ಕೆ ಯಾಕೆ?” ಎಂದು ಕೇಳಿದಾಗಲೇ ನನಗೆ ಕಣ್ಣು ತೆರೆದದ್ದು. ಅದು ಹಕ್ಕಿಯಲ್ಲ, ಸಮುದ್ರದ ಮೀನಿಗೆ ಒಡ್ಡುವ ಗಾಳ. ಚೀಟಿಯ ಮೇಲಿದ್ದ ಹೆಸರು ‘ಲೆಫ್ಟೀಸ್ ಡಿಸೀವರ್’. ಕನ್ನಡಿಸಿದರೆ ‘ಎಡಚನ ವಂಚಕ’.

ಕೊಕ್ಕೆಗೆ ಉಣ್ಣೆಯನ್ನೂ ಗರಿಯನ್ನೂ ಸುತ್ತಿ, ನೊಣದಂತೆ ತೋರಿಸಿ ಹೊಳೆಯ ಮೀನನ್ನು ಮೋಸಗೊಳಿಸುವುದು ಬಹು ಹಳೆಯ ವಿದ್ಯೆ. ಮೆಸಿಡೋನಿಯದವರು ಹೀಗೆ ಮೀನು ಹಿಡಿಯುತ್ತಿದ್ದುದನ್ನು ಈಲಿಯನ್ ಎಂಬ ರೋಮನ್ ಲೇಖಕ ಸುಮಾರು ಸಾವಿರದ ಎಂಟುನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾನೆ. ಆದರೆ ಕಡಲಿನ ದೊಡ್ಡ ಮೀನು ನೊಣಕ್ಕೆ ಬಾಯಿ ಬಿಟ್ಟೀತೆ? ಅದಕ್ಕೆ ಬೇಕಾದದ್ದು ಮರಿಮೀನು. ಹೀಗಾಗಿ ಕಡಲಿಗೆ ಬಂದ ‘ನೊಣ’ ಹೆಸರಿಗೆ ಮಾತ್ರ ನೊಣವಾಗಿ ಉಳಿದು, ರೂಪದಲ್ಲಿ ಬೆರಳುದ್ದದ ಮೀನಾಯಿತು. ಆ ಮೀನಿಗೆ ಮೈಕೊಟ್ಟದ್ದು ಅಮೆರಿಕದ ಬಿಳಿಬಾಲದ ಜಿಂಕೆ. ಜಿಂಕೆಯ ವೇಷದ ವಂಚನೆಯನ್ನು ನಾವು ಮಾರೀಚನಿಂದ ಬಲ್ಲೆವು. ಇಲ್ಲಿ ಜಿಂಕೆಯೇ ಮೀನಿನ ವೇಷ ಹಾಕಿದೆ!

ಜಿಂಕೆಯ ಕೂದಲೆಲ್ಲ ಒಂದೇ ಬಗೆಯದಲ್ಲ. ಮೈಗೂದಲಿನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳಿವೆ. ಚಳಿಯಲ್ಲಿ ಪ್ರಾಣಿಯನ್ನು ಬೆಚ್ಚಗಿಡುವ ಆ ಗಾಳಿಯೇ ಗಾಳವನ್ನು ನೀರಿನ ಮೇಲೆ ತೇಲಿಸುತ್ತದೆ. ಒಂದು ಚಿಟಿಕೆ ಕೂದಲನ್ನು ಕೊಕ್ಕೆಯ ಕಡ್ಡಿಯ ಮೇಲಿಟ್ಟು ನೂಲನ್ನು ಬಿಗಿದರೆ, ಅದು ಸೊಂಟ ಮುರಿದುಕೊಂಡು ಸುತ್ತಲೂ ಕೆದರಿ ನಿಲ್ಲುತ್ತದೆ. ಹೀಗೆ ಚಿಟಿಕೆಯ ಪಕ್ಕ ಚಿಟಿಕೆ ಒತ್ತರಿಸಿ, ಕತ್ತರಿಯಿಂದ ಸವರಿದರೆ ಮೀನಿನ ತಲೆ ಸಿದ್ಧ. 1930ರ ದಶಕದಲ್ಲಿ ಕೆನಡದ ನಿಪಿಗಾನ್ ನದಿಯ ದಡದಲ್ಲಿ ಡಾನ್ ಗೇಪನ್ ಕಟ್ಟಿದ ‘ಮಡ್ಲರ್ ಮಿನೋ’ ಈ ಬಗೆಯದು. ಬಾಲದ ಕೂದಲಿನ ಗುಣವೇ ಬೇರೆ. ಅದು ನೀಳ, ಅಷ್ಟಾಗಿ ಕೆದರದು, ನೀರಿನಲ್ಲಿ ಜೀವವಿದ್ದಂತೆ ಅಲುಗುತ್ತದೆ.

ಬರ್ನಾರ್ಡ್ ‘ಲೆಫ್ಟಿ’ ಕ್ರೇ ಈ ಬಾಲದ ಕೂದಲನ್ನು ಹಿಡಿದುಕೊಂಡ. 1950ರ ದಶಕದ ಕೊನೆಗೆ, ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯಲ್ಲಿ ಅವನ ಕಣ್ಣಿದ್ದದ್ದು ಮೈಮೇಲೆ ಪಟ್ಟೆಯುಳ್ಳ ಬಾಸ್ ಮೀನಿನ ಮೇಲೆ. ಬೀಸಿದಾಗ ಗರಿ ಕೊಕ್ಕೆಗೆ ಸುತ್ತಿಕೊಳ್ಳುವುದೇ ಅಲ್ಲಿಯವರೆಗಿನ ಪೀಡೆ. ಕ್ರೇ ಉದ್ದದ ಹುಂಜದ ಗರಿಗಳನ್ನು ಕೊಕ್ಕೆಯ ಹಿಂಬದಿಯಲ್ಲಿ ಕಟ್ಟಿದ. ಮುಂದೆ, ಕತ್ತಿನ ಸುತ್ತ, ಜಿಂಕೆಯ ಬಾಲದ ಕೂದಲನ್ನು ಹೊದಿಸಿದ. ನೀರಿನಲ್ಲಿ ಮೈತುಂಬಿ ಕಾಣುವ ಈ ಮೀನು ಮೇಲೆತ್ತಿದೊಡನೆ ನೀರನ್ನು ಸುರಿಸಿ ಕಡ್ಡಿಯಾಗುತ್ತದೆ. ಆದ್ದರಿಂದ ದೂರಕ್ಕೆ ಬೀಸುವುದು ಸುಲಭ.

ಕ್ರೇಯ ಜಾಣ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಾಲದ ಕೂದಲು ಅವನ ಶೋಧವಲ್ಲ. 1791ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಸಸ್ಯಶಾಸ್ತ್ರಜ್ಞ ವಿಲಿಯಂ ಬಾರ್ಟ್ರಮ್, ಫ್ಲಾರಿಡದ ನೀರಿನಲ್ಲಿ ಕಂಡ ಒಂದು ಪುಟ್ಟ ದೋಣಿಯನ್ನು ವರ್ಣಿಸುತ್ತಾನೆ. ಒಬ್ಬ ಹುಟ್ಟು ಹಾಕುತ್ತಾನೆ, ಇನ್ನೊಬ್ಬನ ಕೈಯಲ್ಲಿ ಹತ್ತು ಹನ್ನೆರಡು ಅಡಿಯ ಕೋಲು. ಗೇಣೆರಡು ದಾರದ ತುದಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಮೂರು ಕೊಕ್ಕೆ. ಅವುಗಳನ್ನು ಮರೆಸಲು ಜಿಂಕೆಯ ಬಾಲದ ಬಿಳಿಗೂದಲು, ಕೆಂಪು ಬಟ್ಟೆಯ ಚೂರು, ಬಣ್ಣದ ಗರಿ. ಎಲ್ಲ ಸೇರಿ ಮುಷ್ಟಿಯಷ್ಟು ದೊಡ್ಡ ಕುಚ್ಚು. ಸಿಹಿನೀರಿನ ಮೀನಿಗೆ ಕಟ್ಟಿದ್ದೆಂಬುದು ನಿಜ. ಆದರೆ ಕೂದಲು ಅದೇ, ಉಪಾಯವೂ ಅದೇ. ಬಾರ್ಟ್ರಮ್ ಗಿಡಗಳಿಗೆಲ್ಲ ಹೆಸರು ಬರೆದುಕೊಂಡ. ದೋಣಿಯ ಆ ಇಬ್ಬರ ಹೆಸರು ಕೇಳಲಿಲ್ಲ. ಚರಿತ್ರೆ ಓದುವಾಗ ನನಗೆ ಹೆಚ್ಚು ಬೇಸರ ತರಿಸುವುದು ಇಂಥ ಮರೆವೇ.

ಕ್ರೇ ಬಯಸಿದ ಆ ಮೀನೂ ಒಮ್ಮೆ ಕಾಣದಾಗುವುದರಲ್ಲಿತ್ತು. ಮಿತಿಮೀರಿ ಹಿಡಿದದ್ದು ಅದಕ್ಕೊಂದು ದೊಡ್ಡ ಕಾರಣ. ಮೇರಿಲ್ಯಾಂಡ್ ಸರ್ಕಾರ 1985ರಲ್ಲಿ ಆ ಮೀನು ಹಿಡಿಯುವುದನ್ನೇ ನಿಷೇಧಿಸಿತು. ನಿಷೇಧ ತೆರವಾದದ್ದು 1990ರಲ್ಲಿ. ಮರುವರ್ಷ ಬಂದ ಐದು ಗಾಳಗಳ ಚೀಟಿಗಳಲ್ಲಿ ಗೇಪನ್ನನದೂ ಇತ್ತು, ಕ್ರೇಯದೂ ಇತ್ತು.

ಮೊನ್ನೆ ತಾಯಿಯ ಪೆಟ್ಟಿಗೆಯಲ್ಲಿ ಮಾವನ ಆ ಕಾಗದ ಸಿಕ್ಕಿತು. ಚಳಿ, ಬಾಡಿಗೆ, ಅತ್ತೆಯ ಕೆಮ್ಮು ಎಲ್ಲ ಆದ ಮೇಲೆ ಕೊನೆಗೊಂದು ಸಾಲು: ಇಲ್ಲಿಯವರು ರಾಕ್‌ಫಿಶ್ ಎನ್ನುವ ಪಟ್ಟೆಮೀನು ಅಂಗಡಿಗೆ ಮತ್ತೆ ಬಂದಿದೆಯಂತೆ, ಪಕ್ಕದ ಮನೆಯವರು ಹಬ್ಬದಂತೆ ಸಂಭ್ರಮಿಸುತ್ತಿದ್ದಾರೆ.