ಊದಿದರೆ ಓಡುತ್ತಿದ್ದ ಆಟದ ಪೆಟ್ಟಿಗೆ

1990ರ ದಶಕದಲ್ಲಿ ಟಿ.ವಿ.ಗೆ ಜೋಡಿಸಿ ವಿಡಿಯೋ ಗೇಮ್ ಆಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಪರದೆಯ ಮೇಲೆ ಚಿತ್ರ ಮೂಡದಿದ್ದರೆ ನಾವು ಕ್ಯಾಸೆಟ್ಟನ್ನು ಹೊರಗೆ ಎಳೆದು, ಅದರ ಬಾಯಿಗೆ ಜೋರಾಗಿ ಊದಿ, ಮತ್ತೆ ಸಿಕ್ಕಿಸುತ್ತಿದ್ದೆವು. ಜಪಾನಿನ, ಅಮೆರಿಕದ ಮಕ್ಕಳೂ ಮಾಡುತ್ತಿದ್ದುದು ಇದನ್ನೇ. ಆದರೆ ಊದುವುದು ಮದ್ದಾಗಿರಲಿಲ್ಲ. ತೆಗೆದು ಮತ್ತೆ ಹಾಕಿದ್ದರಿಂದಲೇ ಆಟ ಓಡುತ್ತಿತ್ತು. ಉಸಿರಿನ ತೇವ ಮಾತ್ರ ಒಳಗಿನ ಲೋಹದ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತಿತ್ತು.

ನಮ್ಮಲ್ಲಿ ಹೆಚ್ಚಿನವರು ಆಡಿದ್ದು ನಕಲು ಪೆಟ್ಟಿಗೆಗಳಲ್ಲಿ. ಅದರ ಅಸಲು 1983ರ ಜುಲೈ 15ರಂದು ಜಪಾನಿನಲ್ಲಿ ನಿಂಟೆಂಡೊ ಕಂಪೆನಿ 14,800 ಯೆನ್ ಬೆಲೆಗೆ ಮಾರಾಟಕ್ಕಿಟ್ಟ ಫ್ಯಾಮಿಕಾಮ್. ಮಸಾಯುಕಿ ಉಎಮುರಾ ಅದರ ವಿನ್ಯಾಸಕಾರ. 1985ರಲ್ಲಿ ಅದು ಎನ್.ಇ.ಎಸ್. ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಹೋಯಿತು. ಆಗಷ್ಟೇ ವಿಡಿಯೋ ಗೇಮ್ ವ್ಯಾಪಾರ ನೆಲಕಚ್ಚಿ, ಅಲ್ಲಿನ ಅಂಗಡಿಯವರು ಆ ಹೆಸರು ಕೇಳಿದರೇ ಹಿಂಜರಿಯುತ್ತಿದ್ದರು. ಆದ್ದರಿಂದ ಕಂಪೆನಿ ಅದಕ್ಕೆ ವಿ.ಸಿ.ಆರ್.ನ ರೂಪ ಕೊಟ್ಟಿತು. ಕ್ಯಾಸೆಟ್ಟನ್ನು ಮುಂದಿನಿಂದ ತೂರಿಸಿ ಕೆಳಕ್ಕೆ ಒತ್ತಬೇಕು.

ಈ ವೇಷವೇ ಅದಕ್ಕೆ ಮುಳುವಾಯಿತು. ಪ್ರತಿ ಸಲ ಒತ್ತಿದಾಗಲೂ ಒಳಗಿನ 72 ಪಿನ್ನುಗಳು ಸ್ವಲ್ಪ ಸ್ವಲ್ಪವೇ ಬಾಗುತ್ತಿದ್ದವು. ಇದರ ಜೊತೆಗೆ ಒಂದು ಬೀಗವೂ ಇತ್ತು. ಪೆಟ್ಟಿಗೆಯಲ್ಲೊಂದು, ಕ್ಯಾಸೆಟ್ಟಿನಲ್ಲೊಂದು ಚಿಪ್. ಎರಡೂ ಪರಸ್ಪರ ಗುರುತು ಹಿಡಿದರೆ ಮಾತ್ರ ಆಟ. ಅನುಮತಿಯಿಲ್ಲದ ಕ್ಯಾಸೆಟ್ಟುಗಳನ್ನು ತಡೆಯಲು ಹೂಡಿದ ಉಪಾಯವಿದು. ಪಿನ್ನುಗಳ ಮೇಲೆ ಕೊಳೆ ಕೂತರೆ ಅಸಲಿ ಕ್ಯಾಸೆಟ್ಟಿನ ಗುರುತೂ ಸಿಗದೆ, ಕೆಂಪು ದೀಪ ಸೆಕೆಂಡಿಗೊಮ್ಮೆ ಮಿಣುಕುತ್ತಿತ್ತು. ಕಳ್ಳನಿಗೆಂದು ಹಾಕಿದ ಬೀಗಕ್ಕೆ ಮನೆಯೊಡೆಯನೇ ಸಿಕ್ಕಿಬಿದ್ದನೆನ್ನಿ! 1993ರಲ್ಲಿ ಬಂದ ಹೊಸ ಮಾದರಿಯಲ್ಲಿ ಕಂಪೆನಿಯೇ ಆ ಬೀಗವನ್ನೂ ಮುಂದಿನ ಬಾಯಿಯನ್ನೂ ಕೈಬಿಟ್ಟಿತು. ಹಳೆಯ ಪೆಟ್ಟಿಗೆ ಇಟ್ಟುಕೊಂಡವರು ಚಿಪ್ಪಿನ ನಾಲ್ಕನೆಯ ಕಾಲನ್ನು ಕತ್ತರಿಸಿ ಸಮಸ್ಯೆ ನೀಗಿಕೊಂಡರು.

2007ರ ಅಕ್ಟೋಬರ್ 31ಕ್ಕೆ ನಿಂಟೆಂಡೊ ಜಪಾನಿನಲ್ಲಿ ಫ್ಯಾಮಿಕಾಮ್ ರಿಪೇರಿಯನ್ನು ನಿಲ್ಲಿಸಿತು. ಬಿಡಿಭಾಗಗಳು ಸಿಗುವುದಿಲ್ಲವೆಂಬುದು ಅದು ಕೊಟ್ಟ ಕಾರಣ. 24 ವರ್ಷ ರಿಪೇರಿ ಮಾಡಿಕೊಟ್ಟದ್ದು ಸಣ್ಣ ಮಾತಲ್ಲ, ಒಪ್ಪೋಣ. ಅಲ್ಲಿಂದೀಚೆಗೆ ಆ ಭಾರವನ್ನು ಹೊತ್ತವರು ಹವ್ಯಾಸಿಗಳು. 72 ಪಿನ್ನಿನ ಕನೆಕ್ಟರನ್ನು ಬೇರೆಯವರು ಹೊಸದಾಗಿ ತಯಾರಿಸುತ್ತಾರೆ. ಉಬ್ಬಿದ ಕೆಪಾಸಿಟರ್ ಬದಲಿಸಬಹುದು, ಪಿನ್ನುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಬಹುದು. ಅಡಾಪ್ಟರ್ ವಿಚಾರದಲ್ಲಿ ಮಾತ್ರ ಎಚ್ಚರ ಬೇಕು: ಅಮೆರಿಕದ ಪೆಟ್ಟಿಗೆಯದು 9 ವೋಲ್ಟಿನ ಎ.ಸಿ., ಜಪಾನಿನದಕ್ಕೆ ಬೇಕಾದದ್ದು ಡಿ.ಸಿ. ಅದನ್ನು ಇದಕ್ಕೆ ಸಿಕ್ಕಿಸಿದರೆ ಪೆಟ್ಟಿಗೆ ಸುಟ್ಟೀತು. ರಿಕೊ ಕಂಪೆನಿಯ ಮೂಲ ಚಿಪ್ ಕೆಟ್ಟರೆ, ಸತ್ತ ಇನ್ನೊಂದು ಪೆಟ್ಟಿಗೆಯಿಂದ ಕಿತ್ತು ತರುವುದೇ ರೂಢಿ.

ನಮ್ಮ ನಕಲು ಪೆಟ್ಟಿಗೆಗಳಿಗೆ ಆ ಭಾಗ್ಯವೂ ಇರಲಿಲ್ಲ. ಅವುಗಳಲ್ಲಿ ಎಷ್ಟೋ ಪೆಟ್ಟಿಗೆಗಳ ಇಡೀ ಯಂತ್ರ ಒಂದೇ ಕಪ್ಪು ಅಂಟಿನ ಗುಳ್ಳೆಯೊಳಗೆ ಅಡಗಿತ್ತು. ರೇಡಿಯೋ ರಿಪೇರಿಯವನ ಬೆಸುಗೆ ಕಡ್ಡಿ ಅಲ್ಲಿಗೆ ಹೋಗುತ್ತಿರಲಿಲ್ಲ. ಅಗ್ಗದ ವಸ್ತು ಹೀಗಾದರೆ, ದುಬಾರಿಯದ್ದನ್ನು ಕಾನೂನೇ ಮುಚ್ಚುತ್ತದೆ. 2024ರ ಜುಲೈಯಲ್ಲಿ ಜಾರಿಗೆ ಬಂದ ಕ್ಯಾಲಿಫೋರ್ನಿಯಾದ ರಿಪೇರಿ ಹಕ್ಕಿನ ಕಾನೂನು ವಿಡಿಯೋ ಗೇಮ್ ಯಂತ್ರಗಳನ್ನು ಹೊರಗಿಟ್ಟಿದೆ. ಕೊಂಡವನದು ಎಂದ ಮೇಲೆ ಬಿಚ್ಚಿ ನೋಡುವ ಹಕ್ಕೂ ಅವನದೇ ಎಂದು ನಾವು ತಿಳಿದಿದ್ದೆವು.

ಬೇರೆ ಕೆಲವು ಭಾಗಗಳು ಕಾಯುವುದಿಲ್ಲ. 1987ರಲ್ಲಿ ಅಮೆರಿಕಕ್ಕೆ ಬಂದ 'ದಿ ಲೆಜೆಂಡ್ ಆಫ್ ಜೆಲ್ಡಾ' ಕ್ಯಾಸೆಟ್ಟಿನೊಳಗೆ ಬಿಲ್ಲೆಯಂಥ ಸೆಲ್ ಒಂದಿದೆ. ಆಡಿದ ಮಗು ಬರೆದ ಹೆಸರು, ತಲುಪಿದ ಜಾಗ ಎಲ್ಲವನ್ನೂ ಹಿಡಿದಿಟ್ಟಿರುವುದು ಅದೇ. ಸೆಲ್ ಸತ್ತರೆ ಅಷ್ಟೂ ಅಳಿಸಿಹೋಗುತ್ತದೆ. ಸಾಯುವ ಮೊದಲೇ ಬದಲಿಸುವ ಜಾಣರು, ಹಳೆಯದನ್ನು ಬಿಡಿಸುವ ಮುನ್ನ ಇನ್ನೊಂದು ಸೆಲ್ಲನ್ನು ತಂತಿಯಿಂದ ಪಕ್ಕಕ್ಕೆ ಜೋಡಿಸಿಕೊಳ್ಳುತ್ತಾರೆ. ಕೈ ನಡುಗದಿದ್ದರೆ ಆ ಹೆಸರು ಉಳಿಯುತ್ತದೆ.