ಪೆನ್ಶನ್ ಬಂತು, ಮುಂದೇನು? ಪುಣೆಯ ಮೂವರ ಕಥೆ, ಜೊತೆಗೆ ನಮ್ಮಪ್ಪಂದು

ಇವತ್ತಿನ ಮಾತು ಯುದ್ಧದ್ದಲ್ಲ, ಕೋಟೆಯದ್ದೂ ಅಲ್ಲ, ನಿವೃತ್ತಿಯದ್ದು. ಇಲ್ಲಿಗೆ ಬರೋರಲ್ಲಿ ಹೆಚ್ಚಿನವರು ನನ್ನ ಹಾಗೆ ಮೂವತ್ತು-ನಲವತ್ತರ ನಡುವೆ ಇರೋರು, ಹಿಂಜವಡಿ, ಖರಾಡಿ, ಮಗರಪಟ್ಟಾ ಅಂತ ಓಡಾಡೋರು. "ನಮಗ್ಯಾಕೆ ಈಗಲೇ ಈ ವಿಷಯ?" ಅನ್ನಿಸಬಹುದು. ನನಗೂ ಹಾಗೇ ಅನ್ನಿಸ್ತಿತ್ತು, ಅಪ್ಪ ನಮ್ಮ ಮನೆಗೆ ಬರೋವರೆಗೆ.

ಅಪ್ಪ ನೀರಾವರಿ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದವರು. ಸವದತ್ತಿ ಕಡೆ ಮಲಪ್ರಭಾ ಕಾಲುವೆಗಳ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ತಿರುಗಾಡಿದವರು. ಅರವತ್ತಾಯ್ತು. ಶಾಲು ಹೊದಿಸಿದರು, ಹಾರ ಹಾಕಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಎರಡು ತಿಂಗಳಾದ ಮೇಲೆ ಅಪ್ಪ-ಅವ್ವ ಇಬ್ಬರನ್ನೂ ವಾಕಡ್‌ನ ನಮ್ಮ ಫ್ಲ್ಯಾಟಿಗೆ ಕರ್ಕೊಂಡು ಬಂದೆ. ಮೊದಲ ಸೋಮವಾರ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಜೇಬಿಗೆ ಪೆನ್ನು ಸಿಗಿಸಿಕೊಂಡು, ಸೋಫಾದ ತುದಿಯಲ್ಲಿ ಕೂತಿದ್ದರು.

"ಎಲ್ಲಿಗೆ ಹೊಂಟೀರಿ ಅಪ್ಪಾ?" ಅಂದೆ.

"ಎಲ್ಲಿಗೂ ಇಲ್ಲ ತಮ್ಮಾ. ಸುಮ್ನ."

ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ಲ್ಯಾಪ್‌ಟಾಪ್ ತೆಗೆದು ಸ್ಟ್ಯಾಂಡಪ್ ಕಾಲ್‌ಗೆ ಸೇರಿದೆ.

ಬೆಂಗಳೂರಿನ ಹಾಗೆ ಪುಣೆಗೂ "ಪೆನ್ಶನರ್ಸ್ ಪ್ಯಾರಡೈಸ್" ಅನ್ನೋ ಹೆಸರಿದೆ. ಆದರೆ ಪುಣೆಯ ಚರಿತ್ರೆಯಲ್ಲಿ ಬಹಳ ಪ್ರಸಿದ್ಧವಾದ ಒಂದು ಪೆನ್ಶನ್ ಇದೆಯಲ್ಲ, ಅದನ್ನು ಪಡೆದವನಿಗೆ ಪುಣೆಯಲ್ಲಿ ಇರೋಕೇ ಬಿಡಲಿಲ್ಲ. ಅವನೇ ಕೊನೆಯ ಪೇಶ್ವೆ, ಎರಡನೇ ಬಾಜೀರಾವ್. 1817ರ ನವೆಂಬರ್‌ನಲ್ಲಿ ಖಡ್ಕಿ ಯುದ್ಧ ಸೋತ, 1818ರ ಜೂನ್‌ನಲ್ಲಿ ಜಾನ್ ಮಾಲ್ಕಮ್‌ಗೆ ಶರಣಾದ. ಒಪ್ಪಂದ ಏನಪ್ಪ ಅಂದ್ರೆ, ವರ್ಷಕ್ಕೆ 8 ಲಕ್ಷ ರೂಪಾಯಿ ಪೆನ್ಶನ್, ಆದರೆ ದಖ್ಖನ್ ಬಿಟ್ಟು ಹೋಗಬೇಕು. ಕಾನ್ಪುರದ ಹತ್ತಿರ ಗಂಗಾ ತೀರದ ಬಿಠೂರಿಗೆ ಕಳಿಸಿದರು. ಇಷ್ಟು ದುಡ್ಡು ಹೆಚ್ಚಾಯ್ತು ಅಂತ ಗವರ್ನರ್ ಜನರಲ್ ಹೇಸ್ಟಿಂಗ್ಸ್‌ಗೆ ಅಸಮಾಧಾನ ಇತ್ತು. ಬಾಜೀರಾವ್ ಬದುಕಿದ್ದು 1851ರವರೆಗೆ! ಪೇಶ್ವೆ ಆಗಿದ್ದು ಸುಮಾರು 22 ವರ್ಷ, ಪೆನ್ಶನರ್ ಆಗಿದ್ದು ಸುಮಾರು 33 ವರ್ಷ. ಪೂಜೆ, ದಾನ, ಮದುವೆಗಳು, ಜೊತೆಗೆ ಬಂದ ಪರಿವಾರ, ಇಷ್ಟರಲ್ಲೇ ಆ ವರ್ಷಗಳು ಕಳೆದವು. ಅವನು ಸತ್ತ ಕೂಡಲೇ ಡಾಲ್‌ಹೌಸಿ ಆಡಳಿತ ದತ್ತುಮಗ ನಾನಾಸಾಹೇಬನಿಗೆ ಪೆನ್ಶನ್ ಕೊಡಲ್ಲ ಅಂತು. 1857ರಲ್ಲಿ ಏನಾಯ್ತು ಅಂತ ನಿಮಗೆ ಗೊತ್ತೇ ಇದೆ.

ಇಲ್ಲಿ ಎರಡು ವಿಷಯ ಇದೆ. ಒಂದು, ಅದು ಕೊಡುವವನ ಮರ್ಜಿಯ ಪೆನ್ಶನ್. ಎರಡು, ದುಡ್ಡಿತ್ತು, ಕೆಲಸ ಇರಲಿಲ್ಲ.

ಮೊದಲನೇದಕ್ಕೆ ನಮ್ಮ ದೇಶದಲ್ಲಿ ಸ್ಪಷ್ಟ ಉತ್ತರ ಸಿಕ್ಕಿದ್ದು 1982ರ ಡಿಸೆಂಬರ್ 17ರಂದು, ಸುಪ್ರೀಂ ಕೋರ್ಟಿನ ಡಿ. ಎಸ್. ನಕಾರಾ ಪ್ರಕರಣದಲ್ಲಿ. ಪೆನ್ಶನ್ ಅನ್ನೋದು ಸರ್ಕಾರದ ಔದಾರ್ಯ ಅಲ್ಲ, ದುಡಿದದ್ದಕ್ಕೆ ಸಿಗುವ ಹಕ್ಕು ಅಂತ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆ ಪೀಠದ ನೇತೃತ್ವ ವಹಿಸಿದ್ದ ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಪುಣೆಯಲ್ಲೇ ಹುಟ್ಟಿದವರು. ಡಿಸೆಂಬರ್ 17 ಇವತ್ತಿಗೂ ಪೆನ್ಶನರ್‌ಗಳ ದಿನ.

ಹಕ್ಕೇನೋ ಹೌದು, ಕಾಗದ ಸರಿ ಇರಬೇಕಲ್ಲ! ಅಪ್ಪನ ಹೆಸರು ಸೇವಾ ಪುಸ್ತಕದಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ. ಒಂದು ಇನಿಷಿಯಲ್‌ಗಾಗಿ ನಾಲ್ಕು ತಿಂಗಳು ಓಡಾಡಿದ್ವಿ. ನಿಮ್ಮ ಮನೇಲಿ ಯಾರಾದರೂ ನಿವೃತ್ತಿಗೆ ಹತ್ತಿರ ಇದ್ದರೆ ಎರಡು ವರ್ಷ ಮೊದಲೇ ಇದನ್ನು ನೋಡಿಕೊಳ್ಳಿ. ಹೆಸರು, ಜನ್ಮದಿನಾಂಕ, ನಾಮಿನಿ, ಅಪ್ಪ-ಅವ್ವನ ಜಂಟಿ ಖಾತೆ. ಪೆನ್ಶನ್ನಿನ ಒಂದು ಭಾಗವನ್ನು ಮುಂಗಡವಾಗಿ ಇಡುಗಂಟು ತಗೊಂಡರೆ ತಿಂಗಳ ಪೆನ್ಶನ್ 15 ವರ್ಷ ಕಡಿಮೆ ಬರುತ್ತೆ ಅನ್ನೋದನ್ನು ಕೂತು ಲೆಕ್ಕ ಹಾಕಿ. ಪ್ರತಿ ನವೆಂಬರ್‌ನಲ್ಲಿ ಬದುಕಿದ್ದೀನಿ ಅಂತ ಪ್ರಮಾಣಪತ್ರ ಕೊಡಬೇಕು. 2014ರಿಂದ ಅದಕ್ಕೆ "ಜೀವನ್ ಪ್ರಮಾಣ್" ಅನ್ನೋ ಡಿಜಿಟಲ್ ವ್ಯವಸ್ಥೆ ಇದೆ, ಬೆರಳಚ್ಚು ಕೊಟ್ಟರೆ ಆಯ್ತು.

ಇನ್ನು ನಮ್ಮ ಲೆಕ್ಕ. ಅಪ್ಪನದು ಹಳೇ ಪೆನ್ಶನ್. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಬಂದದ್ದು ಎನ್‌ಪಿಎಸ್. ಖಾಸಗಿ ಕಂಪನಿಯ ನಮಗೆ ಇರೋದು 1995ರ ಇಪಿಎಸ್. ಸೂತ್ರ ಸುಲಭ: ಪೆನ್ಶನ್‌ಗೆ ಪರಿಗಣಿಸುವ ಸಂಬಳವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ಆ ಸಂಬಳದ ಮಿತಿ 2014ರ ಸೆಪ್ಟೆಂಬರ್‌ನಿಂದ 15,000. 25ಕ್ಕೆ ಸೇರಿ 58ರವರೆಗೆ ಬಿಡದೆ ದುಡಿದರೆ 33 ವರ್ಷ, 20 ವರ್ಷ ದಾಟಿದ್ದಕ್ಕೆ 2 ವರ್ಷ ಸೇರಿಸಿ 35. ಅಂದ್ರೆ ತಿಂಗಳಿಗೆ ಹೆಚ್ಚೆಂದರೆ 7,500 ರೂಪಾಯಿ. ನಿಮ್ಮ ಕೈಗೆ ಬರೋದು ಎಷ್ಟು ಲಕ್ಷವಾದರೂ ಅಷ್ಟೇ. 2014ರ ಸೆಪ್ಟೆಂಬರ್ ನಂತರ 15,000ಕ್ಕಿಂತ ಹೆಚ್ಚು ಮೂಲವೇತನಕ್ಕೆ ಮೊದಲ ಸಲ ಸೇರಿದವರಿಗೆ ಅದೂ ಇಲ್ಲ, ಪಿಎಫ್ ಮಾತ್ರ. ಈ ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ನಿಜ ಹೇಳ್ತೀನಿ.

ಆಮೇಲೆ 58ರವರೆಗೆ ನಮ್ಮನ್ನು ಇಟ್ಕೊಳ್ಳೋರು ಯಾರು? ಹೋದ ವರ್ಷ ನನಗೆ ಗೊತ್ತಿರೋ ಒಬ್ಬರು, 46 ವರ್ಷ, ಒಂದು ಶುಕ್ರವಾರ ಮಧ್ಯಾಹ್ನ ಬ್ಯಾಡ್ಜ್ ವಾಪಸ್ ಕೊಟ್ಟು ಮನೆಗೆ ಹೋದರು. ಎರಡು ವಾರ ಮನೆಯವರಿಗೆ ಹೇಳಿರಲಿಲ್ಲ. ದಿನಾ ಕಾರು ತಗೊಂಡು ಹೊರಗೆ ಹೋಗಿ ಎಲ್ಲೋ ಕೂತು ಬರ್ತಿದ್ದರಂತೆ.

ಇಲ್ಲಿ ನಮ್ಮವರೇ ಒಬ್ಬ ಎಂಜಿನಿಯರ್ ನೆನಪಾಗ್ತಾರೆ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಪುಣೆಗೆ ಬಂದು, ಇವತ್ತು ಸಿಒಇಪಿ ಅಂತ ಕರೆಯೋ ಕಾಲೇಜಿನಲ್ಲಿ ಓದಿ, 1884ರಲ್ಲಿ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯ. ಖಡಕ್‌ವಾಸ್ಲಾದಲ್ಲಿ ನೀರು ಮಟ್ಟ ಮೀರಿದಾಗ ತಾವಾಗೇ ತೆರೆಯೋ, ಇಳಿದಾಗ ತಾವಾಗೇ ಮುಚ್ಚೋ ಗೇಟುಗಳನ್ನು ಹಾಕಿಸಿದವರು. 1903ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ತು. ಆದರೆ ಇಲಾಖೆಯ ತುದಿಯ ಹುದ್ದೆಗಳು ಬಿಳಿಯರಿಗೇ ಹೋಗ್ತಿದ್ದವು. 1908ರಲ್ಲಿ, ಸುಮಾರು 47ನೇ ವಯಸ್ಸಿನಲ್ಲಿ, ಸ್ವಯಂ ನಿವೃತ್ತಿ ತಗೊಂಡರು. ಮುಂದಿನ ಕೆಲಸದ ಆಫರ್ ಲೆಟರ್ ಕೈಯಲ್ಲಿ ಇಟ್ಕೊಂಡು ಬಿಟ್ಟದ್ದಲ್ಲ. ವಿದೇಶಗಳನ್ನು ನೋಡಿಕೊಂಡು ಬರೋಣ ಅಂತ ಹೊರಟರು. ಆ ಸೆಪ್ಟೆಂಬರ್‌ನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಊರನ್ನೇ ಕೊಚ್ಚಿಕೊಂಡು ಹೋಯ್ತು. ಪ್ರವಾಸದಲ್ಲಿದ್ದಾಗಲೇ ನಿಜಾಮರ ಸರ್ಕಾರದಿಂದ ಕರೆ ಬಂತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನರು. ಮುಂಬೈ ಸೇವೆ 24 ವರ್ಷ, ಅಲ್ಲಿಂದ ನಿವೃತ್ತರಾದ ಮೇಲೆ ಬದುಕಿದ್ದು ಇನ್ನೂ 54 ವರ್ಷ.

ಅದೇ ಪುಣೆಯ ಇನ್ನೊಬ್ಬರು ಧೊಂಡೋ ಕೇಶವ ಕರ್ವೆ. ಫರ್ಗ್ಯುಸನ್ ಕಾಲೇಜಿನಲ್ಲಿ 1891ರಿಂದ 1914ರವರೆಗೆ ಗಣಿತ ಪಾಠ ಮಾಡಿದರು. 1896ರಲ್ಲೇ ವಿಧವೆಯರಿಗಾಗಿ ಆಶ್ರಮ ಶುರು ಮಾಡಿದ್ದರು. ಅದು ಊರಾಚೆಯ ಹಿಂಗಣೆಗೆ ಹೋದ ಮೇಲೆ ಅಲ್ಲಿಗೂ ಕಾಲೇಜಿಗೂ ನಡೆದೇ ಓಡಾಡ್ತಿದ್ದರು. ಇವತ್ತು ಆ ಜಾಗ ಕರ್ವೆನಗರ. ನಮ್ಮಲ್ಲಿ ಎಷ್ಟೋ ಜನ ಅಲ್ಲೇ ಬಾಡಿಗೆಗೆ ಇದ್ದೀವಿ. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದಾಗ ಅವರಿಗೆ 58. ನಮ್ಮ ಇಪಿಎಸ್ ಪ್ರಕಾರ ಪೆನ್ಶನ್ ಶುರುವಾಗುವ ವಯಸ್ಸು!

ಕಾಕತಾಳೀಯ ನೋಡಿ. ನೂರರ ಆಸುಪಾಸು ಬದುಕಿದ ಈ ಇಬ್ಬರೂ ಭಾರತರತ್ನರೇ, ಇಬ್ಬರೂ ತೀರಿಕೊಂಡದ್ದು 1962ರಲ್ಲಿ, ವಿಶ್ವೇಶ್ವರಯ್ಯ ಏಪ್ರಿಲ್‌ನಲ್ಲಿ, ಕರ್ವೆ ನವೆಂಬರ್‌ನಲ್ಲಿ. ಕೇಂದ್ರ ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 55ರಿಂದ 58ಕ್ಕೆ ಏರಿಸಿದ್ದೂ ಅದೇ ವರ್ಷ. ಈ ಸಂಖ್ಯೆಗಳೆಲ್ಲ ಆಡಳಿತದ ಅನುಕೂಲಕ್ಕೆ ಮಾಡಿಕೊಂಡವು. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ವೃದ್ಧಾಪ್ಯ ಪೆನ್ಶನ್ ತಂದಾಗ ವಯಸ್ಸು 70 ಇತ್ತು, 1916ರಲ್ಲಿ 65 ಮಾಡಿದರು.

ಇದೆಲ್ಲ ಓದಿ ನಾನು ಅಪ್ಪನಿಗೆ ಹುರುಪು ತುಂಬೋಣ ಅಂತ ಒಂದು ಭಾನುವಾರ ಖಡಕ್‌ವಾಸ್ಲಾಕ್ಕೆ ಕರ್ಕೊಂಡು ಹೋದೆ. 1961ರ ಜುಲೈ 12ರಂದು ಪಾನಶೇತ್ ಒಡೆದಾಗ ಖಡಕ್‌ವಾಸ್ಲಾ ಅಣೆಕಟ್ಟೂ ಒಡೆದಿತ್ತು, ಆಮೇಲೆ ಮತ್ತೆ ಕಟ್ಟಿದರು. ದಂಡೆ ಮೇಲೆ ಸುಟ್ಟ ಮೆಕ್ಕೆಜೋಳ ತಿಂತಾ ವಿಶ್ವೇಶ್ವರಯ್ಯನವರ ಗೇಟಿನ ಕಥೆ ಹೇಳಿದೆ. ಅಪ್ಪ ಪೂರ್ತಿ ಕೇಳಿ ಅಂದದ್ದು ಇಷ್ಟು:

"ಗೇಟ್ ತಾವಾಗೇ ತೆರೀತಿದ್ವು ಅಂದ್ರ, ಗೇಟ್ ಕಾಯೋ ಮನಷ್ಯಾಗ ಏನ್ ಕೆಲಸ ಉಳೀತು?"

ಆಟೋಮೇಶನ್ ಕೆಲಸದ ಮೇಲೇ ಹೊಟ್ಟೆ ಹೊರೆಯೋ ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಅವರೇ ಹೇಳಿದರು. ಕಾಲುವೆಯಲ್ಲಿ ನೀರು ಬಿಡೋ ದಿನ ಕೊನೇ ಹೊಲದ ರೈತ ಇವರ ದಾರಿ ಕಾಯ್ತಿದ್ದನಂತೆ, ಎಷ್ಟು ಗಂಟೆಗೆ ನೀರು ಬರುತ್ತೆ ಅಂತ ಕೇಳೋಕೆ. "ಈಗ ಯಾರೂ ಕೇಳಂಗಿಲ್ಲ" ಅಂದರು. ಸಂಬಳಕ್ಕಲ್ಲ, ಕುರ್ಚಿಗೂ ಅಲ್ಲ, ಆ ಪ್ರಶ್ನೆಗಾಗಿ ಅವರು ದಿನಾ ಅಂಗಿ ಇಸ್ತ್ರಿ ಮಾಡ್ಕೊಂಡು ಕೂರ್ತಿದ್ದರು ಅಂತ ನನಗೆ ಆಗ ತಿಳೀತು. ದೊಡ್ಡವರ ಉದಾಹರಣೆ ಕೊಟ್ಟು "ನೋಡಿ, ಅವರು ಹೇಗೆ ಬದುಕಿದರು" ಅನ್ನೋದು ಸುಲಭ. ಆದರೆ ಕರ್ವೆಯವರಿಗೂ ಆಶ್ರಮದಲ್ಲಿ ದಾರಿ ಕಾಯೋರು ಇದ್ದರು, ಅದೂ ಕೆಲಸ ಬಿಡೋದಕ್ಕೆ 18 ವರ್ಷ ಮೊದಲಿಂದ. ಆ ಸಂಬಂಧ ಬಿಳ್ಕೊಡುಗೆಯ ಮರುದಿನ ಹುಟ್ಟಿದ್ದಲ್ಲ.

ಬೇಸಿಗೆ ಬಂತು. ನಮ್ಮ ಸೊಸೈಟಿಗೆ ದಿನಾ ಟ್ಯಾಂಕರ್ ನೀರು. ಅಪ್ಪ ಕೆಳಗೆ ನಿಂತು ನೋಡ್ತಾ ನೋಡ್ತಾ ಒಂದು ದಿನ ಕೋಲು ಇಳಿಸಿ ಅಳೆದರು. ಟ್ಯಾಂಕರ್ ಪೂರ್ತಿ ತುಂಬಿರಲಿಲ್ಲ! ಈಗ ಅವರ ಕೈಯಲ್ಲಿ ಒಂದು ವಹಿ ಇದೆ. ಬಂದ ಹೊತ್ತು, ಅಳತೆ, ಸಹಿ. ಅರ್ಧಂಬರ್ಧ ಹಿಂದಿ, ಅಷ್ಟಿಷ್ಟು ಮರಾಠಿ. ಬೆಳಿಗ್ಗೆ ಯಾರಾದರೂ ಕೇಳ್ತಾರೆ, "ಕಾಕಾ, ಟ್ಯಾಂಕರ್ ಕಧೀ ಯೇಣಾರ್?"

ಎಲ್ಲ ಸರಿಹೋಯ್ತು ಅಂತ ಹೇಳಲ್ಲ. ಮಳೆಗಾಲದಲ್ಲಿ ಟ್ಯಾಂಕರ್ ನಿಂತಿತು, ಅಪ್ಪ ಮತ್ತೆ ಸೋಫಾದ ತುದಿಗೆ ಬಂದರು. ಈಗ ಬೇಸಿಗೆ ಇಲ್ಲಿ, ಉಳಿದ ತಿಂಗಳು ಸವದತ್ತಿಯಲ್ಲಿ ಅಂತ ಮಾಡ್ಕೊಂಡಿದ್ದಾರೆ. ಹೊರಡೋ ಮುಂಚೆ ಅವ್ವ ರೊಟ್ಟಿ ಬಡೀತಾ ಅಂದಳು, "ಇವರಿಗೇನೋ ಅರವತ್ತಕ್ಕ ರಿಟೈರ್ಮೆಂಟ್ ಆತು. ನನಗ ಎಷ್ಟಕ್ಕ?" ಅಪ್ಪ ಪೇಪರ್ ಕೆಳಗಿಟ್ಟರು. ಮರುದಿನದಿಂದ ಬೆಳಗಿನ ಚಹಾ ಅಪ್ಪಂದು. ಸಕ್ಕರೆ ಸ್ವಲ್ಪ ಜಾಸ್ತಿ ಆಗುತ್ತೆ, ಯಾರೂ ಏನೂ ಅನ್ನಲ್ಲ.

ಈ ವಾರ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ನಾಮಿನಿ ಹೆಸರು ಸರಿ ಇದೆಯಾ? ಬೆಳಿಗ್ಗೆ ಎದ್ದು ಏನು ಮಾಡ್ತೀರಿ? ಎರಡನೇದಕ್ಕೆ ಉತ್ತರ ಬರೋಕೆ ಹೊತ್ತು ಹಿಡಿದರೆ ಫೋನ್ ಇಡಬೇಡಿ. ಅದೇ ಪ್ರಶ್ನೆ ನಮಗೂ ಕೇಳ್ಕೋಬೇಕು, 47ಕ್ಕೋ 58ಕ್ಕೋ ಅಲ್ಲ, ಈಗಲೇ.